ಕೆಳಗಿನ ಎರಡು ಗುಂಡಿ

ಪುಕ್ ಎಂದು ಒಂದು ಸಣ್ಣ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಎಲ್ಡ್ರಿಡ್‌ಗೆ ಅದು ನಿದ್ದೆಯೊಳಗೇ ಕೇಳಿಸಿತು. ಡೇರೆಯ ನಡುವೆ ಸೀಮೆಎಣ್ಣೆ ಸ್ಟವ್ವು ಉರಿಯುತ್ತಿತ್ತು. ಅದು ರಾತ್ರಿಯಿಡೀ ಒಂದೇ ಸಮನೆ ಬುಸುಗುಟ್ಟಬೇಕು, ಹೀಗೆ ಕೆಮ್ಮಬಾರದು. ಪಂಪು ಇಳಿದಿರಬೇಕು, ಪಾಳಿಯಲ್ಲಿರುವ ತೋರ್ಗೈರ್ ಈಗ ಹೊಡೆಯುತ್ತಾನೆ ಎಂದು ನಿದ್ದೆಯಲ್ಲೇ ಅಂದುಕೊಂಡು ಮುಖವನ್ನು ಸ್ಲೀಪಿಂಗ್ ಬ್ಯಾಗಿನೊಳಕ್ಕೆ ಎಳೆದುಕೊಂಡಳು.

ಹಾಗೆ ಅಂದುಕೊಂಡು ಮತ್ತೆ ಮಲಗಬಲ್ಲ ಹೆಂಗಸಲ್ಲ ಅವಳು. ಕಾಂಗ್ಸ್‌ಬರ್ಗ್‌ನ ತನ್ನ ಮನೆಯಲ್ಲಿ ರಾತ್ರಿಗೆ ಮೂರು ಸಲ ಎದ್ದು ಒಲೆ ನೋಡುತ್ತಿದ್ದಳು, ಬಾಗಿಲ ಚಿಲಕ ನೋಡುತ್ತಿದ್ದಳು, ನೋಡಿದ್ದು ನಿಜವೇ ಎಂದು ಇನ್ನೊಮ್ಮೆ ಹೋಗಿ ನೋಡುತ್ತಿದ್ದಳು. ಪುರಸಭೆಯ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಬೇರೆಯವರು ಬಿಟ್ಟುಹೋದ ತಪ್ಪು ಅವಳ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೇ ಅವಳಿಗೆ ಸಂಬಳ. ಮನೆಗೆ ಬಂದರೂ ಕಣ್ಣು ಆ ಕೆಲಸ ಬಿಡುತ್ತಿರಲಿಲ್ಲ. ವರ್ಷದಲ್ಲಿ ಅವಳು ಸರಿಯಾಗಿ ನಿದ್ದೆ ಮಾಡುತ್ತಿದ್ದುದು ನಾಲ್ಕೇ ರಾತ್ರಿ. ಈಸ್ಟರ್ ರಜೆಯಲ್ಲಿ, ಹಾರ್ಡಂಗರ್ ಪ್ರಸ್ಥಭೂಮಿಯ ಹಿಮದ ಮೇಲೆ, ಗೊರಕೆ ಹೊಡೆಯುವ ಮೂವರು ಗಂಡಸರ ಪಕ್ಕದಲ್ಲಿ. ಕಾರಣ ಸರಳ. ಆ ಡೇರೆಯಲ್ಲಿ ಯಾರಾದರೂ ಒಬ್ಬರು ಎಚ್ಚರವಾಗಿ ಇದ್ದೇ ಇರುತ್ತಿದ್ದರು.

ಡೇರೆ ಸೈನ್ಯ ಮಾರಿ ಕೈತೊಳೆದುಕೊಂಡ ಹಳೆಯ ಮಾಲು. ಇಡಿಯಾಗಿ ಅದು ಯಾರೊಬ್ಬರದೂ ಅಲ್ಲ. ದಪ್ಪ ಹಸಿರು ಕ್ಯಾನ್ವಾಸಿನ ನಾಲ್ಕು ತುಂಡು, ತಲೆಗೊಂದು. ಪ್ರತಿ ತುಂಡಿನ ಒಂದು ಅಂಚಿಗೆ ಸಾಲು ಗುಂಡಿ, ಇನ್ನೊಂದಕ್ಕೆ ಸಾಲು ಕಾಜ. ಒಬ್ಬೊಬ್ಬರೂ ತಮ್ಮ ತುಂಡನ್ನು ಬೆನ್ನಮೇಲೆ ಹೊತ್ತು ಬರಬೇಕು. ಬಂದ ಮೇಲೆ ಗುಂಡಿ ಹಾಕಿ ಒಂದಕ್ಕೊಂದು ಸೇರಿಸಿ, ನಡುವೆ ಕಂಬ ಕೊಟ್ಟು ಎತ್ತಬೇಕು. ಗುಂಡಿ ಹಾಕುವುದು ಮೇಲಿಂದ ಕೆಳಕ್ಕೆ, ಅದೂ ಬರಿಗೈಯಲ್ಲಿ. ಕೈಗವಸಿಗೆ ಆ ತಗಡಿನ ಗುಂಡಿ ಸಿಕ್ಕುವುದಿಲ್ಲ. ಮೇಲೆ ಬರುವ ಅಂಚು ಗಾಳಿಗೆ ಬೆನ್ನು ಮಾಡಿರಬೇಕು, ಇಲ್ಲದಿದ್ದರೆ ಗಾಳಿ ಬೆಳಗಿನವರೆಗೂ ಅದರ ಸಂದಿಯಲ್ಲಿ ಬೆರಳಾಡಿಸುತ್ತದೆ. ನಾಲ್ಕು ತುಂಡಿದ್ದರೆ ನಾಲ್ವರ ಡೇರೆ. ಮೂರೇ ಇದ್ದರೆ ಒಂದು ಮಗ್ಗುಲು ತೆರೆದೇ ಉಳಿಯುತ್ತದೆ. ಅದನ್ನು ಡೇರೆ ಅನ್ನುವುದಿಲ್ಲ.

ತೋರ್ಗೈರ್, ಕೋಲ್ಬೈನ್, ಆನ್‌ಸ್ಟೈನ್ ಮತ್ತು ಎಲ್ಡ್ರಿಡ್‌ಳ ಅಣ್ಣ ಹಾಲ್ಡೋರ್ ಇಪ್ಪತ್ತರ ವಯಸ್ಸಿನಲ್ಲಿ ದೇಶದ ಉತ್ತರದ ಕೊನೆಯಲ್ಲಿ ಸೈನ್ಯದ ಒಂದೇ ತುಕಡಿಯಲ್ಲಿ ಒಂದು ಚಳಿಗಾಲ ಕಳೆದವರು. ತೋರ್ಗೈರ್ ತುಕಡಿಯ ನಾಯಕನಾಗಿದ್ದ, ನಲವತ್ತು ವರ್ಷದ ಮೇಲೂ ಆ ಪಟ್ಟ ಇಳಿದಿರಲಿಲ್ಲ. ಸೈನ್ಯ ಹಳೇ ಸಾಮಾನು ಮಾರಿದಾಗ ತಲೆಗೊಂದು ತುಂಡು ಕೊಂಡು ಪ್ರತಿ ಈಸ್ಟರ್‌ಗೆ ಬೆಟ್ಟ ಹತ್ತುತ್ತಿದ್ದರು. ಹಾಲ್ಡೋರ್ ತೀರಿಕೊಂಡಾಗ ತೋರ್ಗೈರ್ ಮಣ್ಣಿಗೆ ಬಂದಿದ್ದ. ಎಲ್ಲ ಮುಗಿದು ಜನ ಕಾಫಿ ಕುಡಿಯುತ್ತಿದ್ದಾಗ ಎಲ್ಡ್ರಿಡ್‌ಳ ಹತ್ತಿರ ಬಂದು, "ಅವನ ತುಂಡು ಎಲ್ಲಿದೆ?" ಎಂದು ಕೇಳಿದ.

"ನೆಲಮಾಳಿಗೇಲಿ."

"ನಮಗೆ ಕೊಡ್ತೀಯಾ?"

"ತುಂಡು ಒಂದೇ ಬರಲ್ಲ," ಎಂದಿದ್ದಳು. ಯಾಕೆ ಹಾಗೆ ಅಂದಳೋ ಅವಳಿಗೇ ಗೊತ್ತಾಗಲಿಲ್ಲ. ಅವನು ಅವಳನ್ನು ಒಂದು ಕ್ಷಣ ನೋಡಿ, "ಹಾಗಾದ್ರೆ ನಿಂಗೆ ಎರಡರಿಂದ ನಾಲ್ಕರ ಪಾಳಿ. ಅದು ಹಾಲ್ಡೋರಂದು," ಎಂದ. ಇದು ಅವಳ ಐದನೆಯ ಈಸ್ಟರ್. ಮೂವರೂ ಅವಳನ್ನು ತಂಗಿ ಎಂದೇ ಕರೆಯುತ್ತಿದ್ದರು.

ಪಾಳಿಯ ಕೆಲಸ ದೊಡ್ಡದೇನಲ್ಲ. ಸ್ಟವ್ವಿಗೆ ಪಂಪು ಹೊಡೆಯುತ್ತಿರಬೇಕು, ಉರಿ ನೀಲಿಯಾಗೇ ಇದೆಯೇ ನೋಡುತ್ತಿರಬೇಕು. ಬಾಗಿಲಿನ ಕೆಳಗಿನ ಎರಡು ಗುಂಡಿಗಳನ್ನು ರಾತ್ರಿ ಎಷ್ಟೇ ಚಳಿಯಿದ್ದರೂ ಹಾಕುವಂತಿಲ್ಲ, ಗಾಳಿ ಬರುವುದು ಅಲ್ಲಿಂದಲೇ. ಅರ್ಧ ಗಂಟೆಗೊಮ್ಮೆ ಅಲ್ಲಿ ಕೈ ಹಾಕಿ ಹಿಮ ಬಾಚಬೇಕು. ನಿಯಮ ಎರಡೇ. ಮುಂದಿನವನು ಎದ್ದು ಕೂತು ಬೂಟಿಗೆ ಕಾಲು ಹಾಕುವುದನ್ನು ಕಣ್ಣಾರೆ ನೋಡುವವರೆಗೂ ಪಾಳಿ ನಿನ್ನದೇ. ಪಾಳಿಯಲ್ಲಿ ಮಲಗಿದವನು ಮರುವರ್ಷದಿಂದ ಬರುವ ಹಾಗಿಲ್ಲ.

ಎರಡನೆಯದು ಬಾಯಿಮಾತಿನ ನಿಯಮವಲ್ಲ. ಮೊದಲು ಅವರು ಐದು ಜನ, ಡೇರೆಗೆ ತುಂಡೂ ಐದು. ರೈಡುಲ್ಫ್ ಎಂಬ ಐದನೆಯವನು ಒಮ್ಮೆ ಪಾಳಿಯಲ್ಲಿ ಮಲಗಿದ. ಯಾರಿಗೂ ಏನೂ ಆಗಲಿಲ್ಲ. ಆದರೂ ಮರುವರ್ಷ ತೋರ್ಗೈರ್ ಅವನಿಗೆ ಫೋನ್ ಮಾಡಲಿಲ್ಲ. ಅದಾಗಿ ಇಪ್ಪತ್ತಾರು ವರ್ಷ. ಇದನ್ನು ಎಲ್ಡ್ರಿಡ್‌ಗೆ ಹೇಳಿದವನು ಕೋಲ್ಬೈನ್. ಯಾಕಿಷ್ಟು ಕಟ್ಟುನಿಟ್ಟು ಎಂದು ಅವಳು ಕೇಳಿದಾಗ, ಸದಾ ತಮಾಷೆ ಮಾಡುವ ಆ ಮನುಷ್ಯ ನಗದೆ, "ಆ ಚಳಿಗಾಲ ಉತ್ತರದಲ್ಲಿ ನಮ್ಮ ಪಕ್ಕದ ಡೇರೇಲಿ ಇಬ್ಬರು ಹುಡುಗರು ಬೆಳಿಗ್ಗೆ ಏಳಲಿಲ್ಲ. ಸ್ಟವ್ವಿನ ವಿಷಗಾಳಿ. ಕೆನ್ನೆ ಕೆಂಪಗೆ, ಆರೋಗ್ಯವಾಗಿರೋರ ಥರ ಇದ್ರು," ಎಂದಿದ್ದ. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಈ ವರ್ಷದ ಮೂರನೆಯ ರಾತ್ರಿ ಎರಡರಿಂದ ನಾಲ್ಕರವರೆಗೆ ಎಲ್ಡ್ರಿಡ್ ಕೂತಿದ್ದಳು. ಮೂರೂವರೆಗೆ ಗಾಳಿ ತಿರುಗಿತು. ಬಾಗಿಲ ಸಂದಿಯಲ್ಲಿ ಎರಡು ಸಲ ಹಿಮ ಬಾಚಿದಳು, ಬೆರಳುಗಳ ಸ್ಪರ್ಶ ಹೋಯಿತು. ನಾಲ್ಕಕ್ಕೆ ಸರಿಯಾಗಿ ತೋರ್ಗೈರನ ಪಾದ ಹಿಡಿದು ಅಲ್ಲಾಡಿಸಿದಳು.

"ತೋರ್ಗೈರ್, ನಾಲ್ಕು ಆಯ್ತು."

"ಹ್ಞೂಂ, ಎದ್ದೆ."

"ಗಾಳಿ ತಿರುಗಿದೆ. ಹಿಮ ಬಾಗಿಲ ಕಡೆ ಬರ್ತಿದೆ."

"ನೋಡ್ಕೋತೀನಿ. ನೀನು ಮಲಕ್ಕೋ ತಂಗಿ."

ದನಿ ಸ್ಪಷ್ಟವಾಗಿತ್ತು. ಅವಳು ಬೂಟಿಗಾಗಿ ಕಾಯಬೇಕಿತ್ತು. ಪ್ರತಿ ಸಲ ಕಾದಿದ್ದಳು; ಪಾಳಿಯ ಸರದಿ ಬೇರೆ ಇದ್ದಾಗ ಕೋಲ್ಬೈನ್, "ನಾನು ಲೇಸು ಕಟ್ಟೋದನ್ನ ನಮ್ಮವ್ವನೂ ಇಷ್ಟು ಗಮನ ಇಟ್ಟು ನೋಡಿಲ್ಲ," ಎಂದು ರೇಗಿಸುತ್ತಿದ್ದ. ಆದರೆ ಇವನು ತೋರ್ಗೈರ್. ನಿಯಮ ಮಾಡಿದವನೇ ಇವನು. ಅವಳು ಬ್ಯಾಗಿನೊಳಗೆ ಸೇರಿ ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು, ಅವು ನೋಯಲು ಶುರುವಾಗುವುದರೊಳಗೆ ನಿದ್ದೆ ಹತ್ತಿತ್ತು.

ಮೂರನೆಯ ಸಲ ಪುಕ್ ಎಂದಾಗ ಅವಳು ಕಣ್ಣು ಬಿಟ್ಟಳು.

ತಲೆಯೊಳಗೆ ಯಾರೋ ಒದ್ದೆ ಉಣ್ಣೆ ತುರುಕಿದ ಹಾಗಿತ್ತು. ಸ್ಟವ್ವಿನ ಉರಿ ಹಳದಿಯಾಗಿ, ಉದ್ದವಾಗಿ, ತುದಿಯಲ್ಲಿ ಕಪ್ಪಗೆ ನೆಗೆಯುತ್ತಿತ್ತು. ಸ್ಟವ್ವಿನ ಮುಂದೆ ಯಾರೂ ಕೂತಿರಲಿಲ್ಲ. ತೋರ್ಗೈರನ ಬೂಟುಗಳು ಅವನು ಸಂಜೆ ಇಟ್ಟ ಜಾಗದಲ್ಲಿ, ಅವನು ಇಟ್ಟ ಹಾಗೇ, ಮೂತಿ ಬಾಗಿಲ ಕಡೆ ಮಾಡಿಕೊಂಡು ನಿಂತಿದ್ದವು. ಬಾಗಿಲ ಕೆಳಗೆ ಸಂದಿ ಇರಬೇಕಾದಲ್ಲಿ ಬಿಳಿ ಗೋಡೆ.

ಅವಳು ಏಳಲು ಹೋಗಿ ಮಗುಚಿ ಬಿದ್ದಳು. ತೆವಳಿದಳು. ಸ್ಟವ್ವಿನ ಗಾಳಿ ಬಿಟ್ಟು ಆರಿಸಿದಳು. ಕತ್ತಲಾಯಿತು. ಬಾಗಿಲನ್ನು ಕೈಯಲ್ಲೇ ಹುಡುಕಿ ಕೆಳಗಿನಿಂದ ಮೂರನೆಯ ಗುಂಡಿ ಬಿಚ್ಚಿದಳು, ನಾಲ್ಕನೆಯದು, ಐದನೆಯದು. ಕಾಜಗಳು ಮಂಜುಗಟ್ಟಿ ಬಿಗಿದಿದ್ದವು. ಆರನೆಯದು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ತಗಡು ತುಟಿಗೆ ಅಂಟಿಕೊಂಡು ಚರ್ಮ ಕಿತ್ತು ಬಂತು, ಗುಂಡಿಯೂ ಬಂತು. ಆಮೇಲೆ ಭುಜದಿಂದ ನೂಕಿ ಹಿಮದೊಳಗೆ ಅರ್ಧ ಹೊರಬಿದ್ದಳು. ಗಾಳಿ ಮುಖಕ್ಕೆ ಹೊಡೆಯಿತು. ಮೂರು ಸಲ ಉಸಿರೆಳೆದುಕೊಂಡು ಒಳಗೆ ಹೋಗಿ, ಸ್ಕೀ ಕೋಲಿನಿಂದ ಡೇರೆಯ ನೆತ್ತಿಯ ಕಂಡಿಯಲ್ಲಿ ಕಟ್ಟಿದ್ದ ಮಂಜನ್ನು ಚುಚ್ಚಿ ಬೀಳಿಸಿದಳು.

ಒಬ್ಬೊಬ್ಬರ ಬಾಯಿಯ ಮುಂದೆಯೂ ಕೈ ಹಿಡಿದಳು. ಕೋಲ್ಬೈನ್ ಗೊರಕೆ ಹೊಡೆಯುತ್ತಿದ್ದ. ಆನ್‌ಸ್ಟೈನ್‌ನನ್ನು ಅಲ್ಲಾಡಿಸಿದಾಗ, "ಬಾಗಿಲು ಹಾಕ್ರೋ ಕತ್ತೆಗಳಾ," ಎಂದು ಮಗ್ಗುಲಾದ. ತೋರ್ಗೈರ್ ಏಳಲಿಲ್ಲ. ಭುಜ ಹಿಡಿದು ಕುಲುಕಿದಳು, ಕೆನ್ನೆಗೆ ಹೊಡೆದಳು. ಕೊನೆಗೆ ಕೊರಳ ಹತ್ತಿರ ಬಟ್ಟೆ ಹಿಡಿದು ಅವನ ತಲೆಯನ್ನು ಬಾಗಿಲವರೆಗೆ ಎಳೆದು ತಂದಳು. ಅಲ್ಲಿ ಹಿಮದ ಮೇಲೆ ಅವನು ಕೆಮ್ಮಿದ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟ.

"ಎಷ್ಟು ಗಂಟೆ?"

"ಐದಕ್ಕೆ ಹತ್ತು ನಿಮಿಷ."

ಅವನು ಎದ್ದು ಕೂತು ಟೋಪಿ ಹುಡುಕಿ ಹಾಕಿಕೊಂಡ, ಬೂಟಿಗೆ ಕಾಲು ತೂರಿಸಿದ. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು. ಅವಳು ನೋಡುತ್ತಲೇ ಇದ್ದಳು.

ಬಾಗಿಲು ತೆರೆದಿಟ್ಟು ಇಬ್ಬರೂ ಮೇಲುಹೊದಿಕೆ ಹೊದ್ದು ಕೂತರು. ಪೂರ್ವದಲ್ಲಿ ಬೆಳಕು ತೆಳ್ಳಗೆ ಬರುತ್ತಿತ್ತು. ತೋರ್ಗೈರ್ ಸ್ಟವ್ ಪಿನ್ನು ತೆಗೆದು ಬಾಯಿ ಚುಚ್ಚಿ ಮಸಿ ತೆಗೆದ, ಮತ್ತೆ ಹಚ್ಚಿದ. ಉರಿ ನೀಲಿಯಾಯಿತು.

"ನನ್ನ ಎಬ್ಬಿಸಿದ್ಯಾ?" ಎಂದು ಕೇಳಿದ.

"ಎಬ್ಬಿಸಿದ್ದೆ."

"ನಾನೇನಂದೆ?"

"ಎದ್ದೆ ಅಂದೆ. ನೋಡ್ಕೋತೀನಿ ಅಂದೆ."

"ನೆನಪೇ ಇಲ್ಲ." ಅವನು ಪಿನ್ನನ್ನು ಒರೆಸಿ ಡಬ್ಬಿಯೊಳಗಿಟ್ಟ. "ಬೂಟು ಹಾಕಿದ್ನಾ?"

"ನಾನು ನೋಡಲಿಲ್ಲ."

ಅವನು ತಲೆ ಆಡಿಸಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಉರಿಯನ್ನೇ ನೋಡುತ್ತ, "ಬೆಳಿಗ್ಗೆ ಅವರಿಗೆ ಹೇಳ್ತೀನಿ," ಎಂದ. ತನ್ನಷ್ಟಕ್ಕೆ ಹೇಳಿಕೊಂಡ ಹಾಗಿತ್ತು.

ಬೆಳಿಗ್ಗೆ ಎಲ್ಲರಿಗೂ ತಲೆನೋವು. ಆನ್‌ಸ್ಟೈನ್ ಡೇರೆಯ ಹಿಂದೆ ಹೋಗಿ ವಾಂತಿ ಮಾಡಿ ಬಂದ. ಅವನ ಊರಲ್ಲಿ ಅವನೇ ಕಾಯಿಸಿ ಇಳಿಸಿದ ಸಾರಾಯಿಯನ್ನು ಹಿಂದಿನ ರಾತ್ರಿ ಕಾಫಿಗೆ ಸುರಿದುಕೊಂಡು ಕುಡಿದಿದ್ದರು.

"ಏನ್ ಹಾಕಿದ್ದೆ ಅದಕ್ಕೆ? ಟ್ರ್ಯಾಕ್ಟರ್ ಎಣ್ಣೇನಾ?" ಎಂದ ಕೋಲ್ಬೈನ್, ಎರಡು ಕೈಯಲ್ಲಿ ತಲೆ ಹಿಡಿದುಕೊಂಡು.

"ನಾಲ್ಕು ಲೋಟ ಕುಡಿದೆ ನೀನು. ನನ್ನ ಟ್ರ್ಯಾಕ್ಟರೂ ಅಷ್ಟು ಕುಡಿಯಲ್ಲ," ಎಂದ ಆನ್‌ಸ್ಟೈನ್.

"ಮಾಡಿದೋನೇ ವಾಂತಿ ಮಾಡ್ಕೋತಾನೆ ಅಂದ್ರೆ ಸರಕು ಎಂಥದ್ದು ಅಂತ ನೀವೇ ಲೆಕ್ಕ ಹಾಕಿ." ಕೋಲ್ಬೈನ್ ಮೂಗು ಸೀನಿ ಕರವಸ್ತ್ರ ನೋಡಿದ. "ಇದೇನು, ಕಪ್ಪಗಿದೆ? ರಾತ್ರಿ ಯಾರು ನನ್ನ ಮೂಗಲ್ಲಿ ಪೈಪು ಸೇದಿದ್ದು?"

ತೋರ್ಗೈರ್ ಗಂಟಲು ಸರಿಮಾಡಿಕೊಂಡ. ಅವನ ಕೈಯಲ್ಲಿ ಇನ್ನೂ ಸುಲಿಯದ ಒಂದು ಕಿತ್ತಳೆ ಇತ್ತು. "ರಾತ್ರಿ ಒಂದು ವಿಷಯ ಆಯ್ತು," ಎಂದ.

"ನಾಯಕರು ಭಾಷಣ ಮಾಡ್ತಾರೆ, ಎದ್ದು ನಿಂತ್ಕೋಬೇಕಾ?" ಎಂದ ಕೋಲ್ಬೈನ್.

ಎಲ್ಡ್ರಿಡ್ ಫ್ಲಾಟ್‌ಬ್ರೆಡ್ಡಿನ ಮೇಲೆ ಕಂದು ಚೀಸು ಹೆರೆಯುತ್ತಿದ್ದಳು. ಮೂವರೂ ಕೂತ ರೀತಿಯನ್ನು ನೋಡಿದಳು, ತಾವು ಕೂತ ಚೌಕವನ್ನೂ ನೋಡಿದಳು. ಒಬ್ಬೊಬ್ಬರ ಬೆನ್ನ ಹಿಂದೆ ಒಬ್ಬೊಬ್ಬರ ತುಂಡು. ತೋರ್ಗೈರನ ಬೆನ್ನ ಹಿಂದಿನದನ್ನು ಬಿಚ್ಚಿ ಮಡಿಸಿಟ್ಟರೆ ಅಲ್ಲಿ ಆಕಾಶ.

"ಸ್ಟವ್ವಿನ ಬಾಯಿ ಕಟ್ಟಿ ಮಸಿ ಕಾರ್ತು," ಎಂದಳು. "ತೋರ್ಗೈರ್ ಪಿನ್ನು ಹಾಕಿ ಬಿಡಿಸಿದ. ಆಗ ನಾನೂ ಎದ್ದಿದ್ದೆ. ಬಾಗಿಲು ತೆಗೆದು ಗಾಳಿ ಆಡಿಸಿದ್ವಿ."

ಒಂದೊಂದು ಮಾತೂ ನಿಜ. ದಾಖಲೆ ಕೋಣೆಯಲ್ಲಿ ಅವಳು ಇಂಥ ಬರಹಗಳನ್ನು ಬಹಳ ಓದಿದ್ದಳು, ಒಂದು ಅಕ್ಷರವೂ ಸುಳ್ಳಲ್ಲದವು. ಯಾವ ಸಾಲಿನ ಕೆಳಗೆ ಏನನ್ನು ಹೂತಿದ್ದಾರೆ ಎಂದು ಕಂಡುಹಿಡಿಯುವುದರಲ್ಲಿ ಅವಳಿಗೆ ಹೆಸರಿತ್ತು.

"ನಿನ್ನ ತುಟಿಗೇನಾಯ್ತು?" ಎಂದ ಆನ್‌ಸ್ಟೈನ್.

"ಗುಂಡಿ ಹಲ್ಲಲ್ಲಿ ಬಿಚ್ಚೋಕೆ ಹೋದೆ."

"ಐದು ವರ್ಷ ಆಯ್ತು, ಇನ್ನೂ ಕೈಯಲ್ಲಿ ಬಿಚ್ಚೋದು ಬರಲ್ವಾ ನಿಂಗೆ," ಎಂದ ಕೋಲ್ಬೈನ್. ನಕ್ಕು, ನಕ್ಕದ್ದಕ್ಕೆ ತಲೆ ನೋಯಿತೆಂದು ಮತ್ತೆ ಹಿಡಿದುಕೊಂಡ.

ತೋರ್ಗೈರ್ ಕಿತ್ತಳೆ ಸುಲಿಯತೊಡಗಿದ. ಸಿಪ್ಪೆ ಎಲ್ಲೂ ತುಂಡಾಗದೆ ಸುರುಳಿಯಾಗಿ ಬಂತು. ಅದನ್ನು ಕೆಳಗಿಟ್ಟು ಹಣ್ಣನ್ನು ನಾಲ್ಕು ಪಾಲು ಮಾಡಿ ಎಲ್ಲರಿಗೂ ಕೊಟ್ಟ. ತನ್ನ ವಿಷಯ ಹೇಳಲಿಲ್ಲ.

ಆ ದಿನ ಯಾರೂ ದೂರ ಹೋಗಲಿಲ್ಲ. ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಕೋಲ್ಬೈನ್ ಮತ್ತು ಆನ್‌ಸ್ಟೈನ್ ಹಿಮಸಾರಂಗದ ಚರ್ಮ ಹಾಸಿಕೊಂಡು ಮುಖ ಸುಡಿಸಿಕೊಳ್ಳುತ್ತ ಮಲಗಿದರು. ಎಲ್ಡ್ರಿಡ್ ಬಾಗಿಲ ಕಡೆ ಹಿಮದ ಇಟ್ಟಿಗೆ ಕೊಯ್ದು ಗಾಳಿಗೆ ಅಡ್ಡಗೋಡೆ ಕಟ್ಟುತ್ತಿದ್ದಳು. ತೋರ್ಗೈರ್ ಸಲಿಕೆ ಹಿಡಿದುಕೊಂಡು ಬಂದು ಅವಳ ಪಕ್ಕ ನಿಂತ.

"ನಾನು ಹೇಳ್ಬೇಕಿತ್ತು."

"ಹೇಳ್ಬಹುದಿತ್ತು."

"ನೀನು ನಡುವೆ ಬಾಯಿ ಹಾಕಿದೆ."

"ನಿನ್ನ ಬಾಯಿ ಮುಚ್ಚಿಸೋಕೆ ಅಷ್ಟು ಸಾಕಾ?"

ಅವನು ಒಂದು ಇಟ್ಟಿಗೆ ಎತ್ತಿ ಗೋಡೆಯ ಮೇಲಿಟ್ಟ, ಅಂಚು ಕೆತ್ತಿ ಕೂರಿಸಿದ. ಕೆಲಸ ಎಂದಿನ ಹಾಗೇ ಅಚ್ಚುಕಟ್ಟು. ಅವಳ ಕಡೆ ನೋಡದೆ ಹೇಳಿದ: "ರೈಡುಲ್ಫ್ ಮಲಗಿದ್ದನ್ನ ಯಾರೂ ನೋಡಿರಲಿಲ್ಲ, ಗೊತ್ತಾ ನಿಂಗೆ? ಸ್ಟವ್ವು ತಾನಾಗೇ ಆರಿಹೋಗಿತ್ತು, ಅಷ್ಟೇ. ಬೆಳಿಗ್ಗೆ ಕಾಫಿ ಕುಡೀತಾ ಅವನೇ ಹೇಳ್ದ. ನಾನು ಮಲಗಿಬಿಟ್ಟೆ ಕಣ್ರೋ ಅಂತ. ಹೇಳ್ದೇ ಇದ್ದಿದ್ರೆ ಇವತ್ತೂ ಇಲ್ಲಿರ್ತಿದ್ದ."

ಎಲ್ಡ್ರಿಡ್‌ಗೆ ಇದು ಗೊತ್ತಿರಲಿಲ್ಲ. ಸಿಕ್ಕಿಬಿದ್ದ ಎಂದೇ ಅವಳು ತಿಳಿದಿದ್ದಳು.

"ಮತ್ಯಾಕೆ ಕರೀಲಿಲ್ಲ ಅವನನ್ನ?"

"ನಿಯಮ ಇತ್ತು," ಎಂದ ತೋರ್ಗೈರ್. ಆಮೇಲೆ, "ನಂಗಾಗ ಮೂವತ್ತನಾಲ್ಕು," ಎಂದ, ಅದೂ ಒಂದು ಉತ್ತರ ಎಂಬಂತೆ.

ಕೊನೆಯ ರಾತ್ರಿ ಪಾಳಿ ಹಂಚುವಾಗ ತೋರ್ಗೈರ್ ಹನ್ನೆರಡರಿಂದ ಎರಡರದ್ದನ್ನು ತಾನು ತೆಗೆದುಕೊಂಡ, ಅವನಾದ ಮೇಲೆ ಎಲ್ಡ್ರಿಡ್. ಸರದಿ ಯಾಕೆ ಬದಲಾಯಿತು ಎಂದು ಯಾರೂ ಕೇಳಲಿಲ್ಲ. ಹತ್ತರಿಂದ ಕೋಲ್ಬೈನ್ ಕೂತ. ಎಲ್ಡ್ರಿಡ್ ಕಣ್ಣು ಮುಚ್ಚಿ ಮಲಗಿದಳು. ಸ್ಟವ್ವು ಬುಸುಗುಟ್ಟುತ್ತಿತ್ತು. ಪ್ರತಿ ಬಾರಿ ಪಂಪಿನ ಸದ್ದು ಬರುವವರೆಗೆ ಅವಳು ಎಣಿಸುತ್ತಿದ್ದಳು. ಮುನ್ನೂರು. ಮುನ್ನೂರ ನಲವತ್ತು. ಹನ್ನೆರಡಕ್ಕೆ ಕೋಲ್ಬೈನ್ ತೋರ್ಗೈರನನ್ನು ಎಬ್ಬಿಸಿದ. ಬೂಟಿನ ಸದ್ದು ಕೇಳಿಸಿತು, ಮೊದಲು ಎಡದ್ದು, ಆಮೇಲೆ ಬಲದ್ದು. ಅವನು ಅರ್ಧ ಗಂಟೆಗಲ್ಲ, ಹತ್ತು ನಿಮಿಷಕ್ಕೊಮ್ಮೆ ಹಿಮ ಬಾಚುತ್ತಿದ್ದ. ಬೆರಳುಗಳು ಕ್ಯಾನ್ವಾಸಿಗೆ ಉಜ್ಜುವ ಸದ್ದು, ಕೆಳಗಿನ ಎರಡು ಗುಂಡಿ ಒಂದಕ್ಕೊಂದು ತಾಗುವ ಸದ್ದು. ಅಷ್ಟು ನೆಟ್ಟಗೆ ಪಾಳಿ ಮಾಡಿದವರನ್ನು ಅವಳು ಕಂಡಿರಲಿಲ್ಲ. ಆದರೂ ಎಣಿಸುವುದು ನಿಲ್ಲಲಿಲ್ಲ.

ಒಂದೂವರೆಯ ಸುಮಾರಿಗೆ ಅವನು ಮೆಲ್ಲಗೆ ಕೇಳಿದ: "ನಿದ್ದೆ ಬರಲಿಲ್ವಾ?"

"ಬಂದಿತ್ತು," ಎಂದಳು. "ಈಗಷ್ಟೇ ಎಚ್ಚರ ಆಯ್ತು."

ಅವನು ಹ್ಞೂಂ ಎಂದ. ಅವಳನ್ನು ಎಬ್ಬಿಸುವ ಅಗತ್ಯವಿಲ್ಲದಿದ್ದರೂ ಎರಡಕ್ಕೆ ಸರಿಯಾಗಿ ಅವಳ ಪಾದ ಮುಟ್ಟಿದ. ಅವಳು ಬೂಟು ಹಾಕಿಕೊಂಡಳು. ಅವನು ಎರಡೂ ಲೇಸು ಕಟ್ಟಿ ಮುಗಿಯುವವರೆಗೆ ನೋಡಿ, ಆಮೇಲೆ ಮಲಗಿದ. ಅವಳ ಬೆನ್ನ ಹಿಂದೆ ಅವನ ಉಸಿರು ಬಹಳ ಹೊತ್ತು ನಿದ್ದೆಯ ಉಸಿರಾಗಲಿಲ್ಲ.

ಸೋಮವಾರ ಇಳಿದು ಬಂದರು. ಪ್ರತಿಯೊಬ್ಬರೂ ತಮ್ಮ ತುಂಡನ್ನು ಬಿಚ್ಚಿ, ಮಂಜು ಕೊಡವಿ, ಸುತ್ತಿ ಚೀಲದ ಮೇಲೆ ಕಟ್ಟಿಕೊಂಡಿದ್ದರು. ರಸ್ತೆ ಶುರುವಾಗುವಲ್ಲಿ ಕಾರುಗಳು ಎಂದೂ ಹಿಮದೊಳಗೆ ಹೂತಿರುತ್ತಿರಲಿಲ್ಲ. ಅದು ರೈಡುಲ್ಫ್‌ನ ಕೆಲಸ. ಆ ಕಣಿವೆಯ ಕೊನೆಯ ಮನೆ ಅವನದು, ಹಿಮ ತಳ್ಳುವ ಯಂತ್ರ ಓಡಿಸುವವನೂ ಅವನೇ. ಪ್ರತಿ ಈಸ್ಟರ್ ಸೋಮವಾರ ಅವರು ಇಳಿಯುವ ಹೊತ್ತಿಗೆ ಅಲ್ಲಿ ಏನಾದರೂ ಕೆಲಸ ಇಟ್ಟುಕೊಂಡಿರುತ್ತಿದ್ದ. ಮನೆಯ ಪಕ್ಕದ ಸೌದೆ ಒಟ್ಟಿಲಿಗೆ ಹೊದಿಸಿದ್ದು ಅವನ ತುಂಡು. ಇಪ್ಪತ್ತಾರು ವರ್ಷದ ಬಿಸಿಲು ಮಳೆಗೆ ಕ್ಯಾನ್ವಾಸು ಕೊಳೆತು ಜಾಲರಿಯಾಗಿತ್ತು, ಗುಂಡಿಗಳು ಮಾತ್ರ ಸಾಲಾಗಿ ಮಿನುಗುತ್ತಿದ್ದವು.

"ಡೇರೆ ನಿಂತಿತಾ?" ಎಂದು ಕೇಳಿದ. ಪ್ರತಿ ವರ್ಷ ಅದನ್ನೇ ಕೇಳುತ್ತಿದ್ದ.

"ನಿಂತಿತು," ಎಂದ ತೋರ್ಗೈರ್. ಪ್ರತಿ ವರ್ಷ ಅದನ್ನೇ ಹೇಳುತ್ತಿದ್ದ. ಆದರೆ ಈ ಸಲ ತಕ್ಷಣ ಕಾರಿನ ಕಡೆ ತಿರುಗದೆ, ರೈಡುಲ್ಫ್‌ನ ಎದುರು ಒಂದು ಗಳಿಗೆ ನಿಂತ. ಇಬ್ಬರೂ ಹಿಮ ನೋಡಿದರು. ಆಮೇಲೆ, "ರಸ್ತೆ ಚೆನ್ನಾಗಿ ತೆಗೆದಿದ್ದೀಯ," ಎಂದು ಹೇಳಿ ಹೋದ.

ಎಲ್ಡ್ರಿಡ್‌ಳ ಕಾರು ಎಲ್ಲಕ್ಕಿಂತ ಹಿಂದಿತ್ತು. ಬೇರೆಯವರು ಹೊರಟ ಮೇಲೂ ಅವಳು ಸ್ಕೀ ಕಟ್ಟುತ್ತಿದ್ದಳು. ರೈಡುಲ್ಫ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟ.

"ನಿದ್ದೆ ಬಂತಾ ತಂಗಿ? ಹಾಲ್ಡೋರ್ ಹೇಳ್ತಿದ್ದ, ನಿಂಗೆ ಮನೇಲಿ ನಿದ್ದೇನೇ ಬರಲ್ಲ ಅಂತ."

"ಬಂತು."

ಅವನ ಕಣ್ಣು ಅವಳ ಕೊರಳ ಬಿಳಿ ಉಣ್ಣೆಯ ಮೇಲೆ ನಿಂತಿತ್ತು. ಅದರ ಅಂಚೆಲ್ಲ ಕಪ್ಪಾಗಿತ್ತು. ಆ ಕಪ್ಪಿನಿಂದ ಅವಳ ಒಡೆದ ತುಟಿಗೆ ಬಂದು, ಮತ್ತೆ ಉಣ್ಣೆಗೆ ಹೋಯಿತು.

"ಮಸಿ," ಎಂದ.

"ಸ್ಟವ್ವಿನ ಬಾಯಿ ಕಟ್ಟಿತ್ತು."

"ಕಟ್ಟುತ್ತೆ." ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. "ಯಾರ ಪಾಳಿ?"

ಅವನು ಸುಮ್ಮನೆ ಕೇಳಿದ ಹಾಗೇ ಕೇಳಿದ. ಆ ಪ್ರಶ್ನೆ ಕೇಳುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಅದು ಈ ಮನುಷ್ಯನಿಗೆ, ಎಂದು ಎಲ್ಡ್ರಿಡ್‌ಗೆ ಅನಿಸಿತು. ಕಾಫಿ ಮುಗಿಸಿ ಲೋಟ ಕೊಡವಿ ಹಿಂದಿರುಗಿಸಿದಳು.

"ನೆನಪಿಲ್ಲ," ಎಂದಳು.

ಎರಡು ದಿನದಲ್ಲಿ ಅವಳು ಆಡಿದ ಮಾತುಗಳಲ್ಲಿ ನಿದ್ದೆಯ ವಿಷಯ ಬಿಟ್ಟರೆ ಶುದ್ಧ ಸುಳ್ಳು ಇದೊಂದೇ. ರೈಡುಲ್ಫ್ ಸರಿ ಎಂದು ತಲೆ ಆಡಿಸಿ, ಅವಳ ಕಾರಿನ ಗಾಜಿನ ಮೇಲಿನ ಹಿಮವನ್ನು ತೋಳಿನಿಂದ ಒರೆಸಿಕೊಟ್ಟ.

ಕಣಿವೆಯ ರಸ್ತೆಯಲ್ಲಿ ಅವಳು ನಿಧಾನವಾಗಿ ಓಡಿಸಿದಳು. ಹಿಂದಿನ ಸೀಟಿನಲ್ಲಿ ಅಣ್ಣನ ತುಂಡು ಒದ್ದೆ ವಾಸನೆ ಬೀರುತ್ತಿತ್ತು. ಮನೆಗೆ ಹೋದೊಡನೆ ನೆಲಮಾಳಿಗೆಯಲ್ಲಿ ಹರವಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಬಾಗಿಲಿನ ಆರನೆಯ ಗುಂಡಿ ಅವಳ ಜೇಬಿನಲ್ಲಿತ್ತು, ಅದನ್ನು ಹೊಲಿಯಬೇಕು. ಮುಂದಿನ ಈಸ್ಟರ್‌ಗೆ ತೋರ್ಗೈರ್ ಫೋನ್ ಮಾಡುತ್ತಾನೆ, ಅವಳು ಹೋಗುತ್ತಾಳೆ, ನಾಲ್ಕು ತುಂಡೂ ಸೇರುತ್ತವೆ, ಡೇರೆ ನಿಲ್ಲುತ್ತದೆ. ಅವಳು ನಾಲ್ಕು ರಾತ್ರಿಯೂ ಎಣಿಸುತ್ತ ಎಚ್ಚರವಾಗಿರುತ್ತಾಳೆ. ಎಲ್ಲಿದ್ದರೂ ಎಚ್ಚರವಾಗಿರುವವಳಿಗೆ ಅದು ಕಷ್ಟದ ಕೆಲಸವಲ್ಲ. ಮಲಗುವ ಜಾಗ ಒಂದು ಕಡಿಮೆಯಾಯಿತು, ಅಷ್ಟೇ.

ಸೇತುವೆಯ ಹತ್ತಿರ ಕೋಲ್ಬೈನ್ ಕಾರು ನಿಲ್ಲಿಸಿಕೊಂಡು 'ಕೊನೇ ಕಿತ್ತಳೆ ಇದೆ, ಬಾ' ಎಂಬಂತೆ ಕೈ ಎತ್ತಿ ಹಣ್ಣು ತೋರಿಸಿದ. ಅವನ ಕೆನ್ನೆಗಳು ಬಿಸಿಲಿಗೆ ಸುಟ್ಟು ಕೆಂಪಗಿದ್ದವು. ಅವಳು ಆ ಕೆಂಪನ್ನು ನೋಡಿದಳು. ಅವನಿಗೆ ಹೇಳುವುದಿಲ್ಲ, ಆನ್‌ಸ್ಟೈನ್‌ಗೆ ಹೇಳುವುದಿಲ್ಲ, ಸೌದೆ ಒಟ್ಟಿಲಿನವನಿಗಂತೂ ಎಂದಿಗೂ ಇಲ್ಲ, ಯಾರಿಗೂ ಇಲ್ಲ ಎಂದು ಅವಳು ತೀರ್ಮಾನ ಮಾಡಿಕೊಂಡಳು. ತಿರುಗುವ ದೀಪ ಹಾಕಿ, ಕಾರನ್ನು ಬದಿಗೆ ತಂದು ನಿಲ್ಲಿಸಿದಳು.